ಕೈ ಎತ್ತದ ಗಂಡ, ಕೈಗೆ ಸಿಗದ ಸಂಬಳ: ಇದಕ್ಕೆ ಕಾನೂನಿನಲ್ಲಿ ದಾರಿ ಇದೆಯೇ?

ಪ್ರಶ್ನೆ: ಕದ್ರಿಯ ಓದುಗಿ

ಈ ಬಳಗದಲ್ಲಿ ವಕೀಲರೂ ಬ್ಯಾಂಕಿನಲ್ಲಿ ದುಡಿದವರೂ ಇರುವುದರಿಂದ ಇಲ್ಲಿ ಕೇಳುತ್ತಿದ್ದೇನೆ. ನನ್ನ ತಂಗಿ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸಂಬಳ ಅವಳ ಖಾತೆಗೇ ಬರುತ್ತದೆ. ಆದರೆ ಆ ಖಾತೆಯ ಎಟಿಎಂ ಕಾರ್ಡು ಗಂಡನ ಪರ್ಸಿನಲ್ಲಿರುತ್ತದೆ, ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆಯೂ ಅವನದೇ. ಸೋಮವಾರ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಐನೂರು ರೂಪಾಯಿಯ ಒಂದು ನೋಟು ಇಟ್ಟಿರುತ್ತಾನೆ. ವಾರದ ಕೊನೆಗೆ ಅದರ ಲೆಕ್ಕ ಒಪ್ಪಿಸಬೇಕು. ಬಸ್ಸಿನ ಟಿಕೆಟುಗಳನ್ನು ಕೂಡ ಅವಳು ಚೀಲದ ಒಳಜೇಬಿನಲ್ಲಿ ಜೋಪಾನ ಮಾಡಿಟ್ಟುಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಮದುವೆಯಲ್ಲಿ ನಾವು ಹಾಕಿದ ಮೂವತ್ತು ಪವನ್ ಚಿನ್ನವನ್ನು ಲಾಕರಿನಲ್ಲಿಡುತ್ತೇನೆಂದು ತೆಗೆದುಕೊಂಡು ಹೋದವನು ಒಂದು ಸೊಸೈಟಿಯಲ್ಲಿ ಈಡಿಗೆ ಇಟ್ಟಿದ್ದಾನೆ ಎಂಬುದು, ನಾದಿನಿಯ ಮದುವೆಗೆ ಹಾಕಿಕೊಳ್ಳಲು ಸರ ಕೇಳಿದಾಗಲಷ್ಟೇ ಅವಳಿಗೆ ತಿಳಿಯಿತು. ಅವನ ಅಂಗಡಿಗೆಂದು ಅವಳ ಸಂಬಳ ಚೀಟಿಯ ಬಲದ ಮೇಲೆ ಅವಳ ಹೆಸರಿನಲ್ಲಿ ತೆಗೆದ ವೈಯಕ್ತಿಕ ಸಾಲದ ಕಂತು ಈಗಲೂ ಅವಳ ಖಾತೆಯಿಂದಲೇ ಕಡಿತವಾಗುತ್ತಿದೆ. ಈಗ ಸರಕು ಸಾಗಿಸುವ ವಾಹನವೊಂದಕ್ಕೆ ಸಾಲ ಮಾಡಲು ಹೊರಟಿದ್ದು, ಜಾಮೀನಿಗೆ ಅವಳ ಸಹಿ ಬೇಕೆಂದು ಕುಳಿತಿದ್ದಾನೆ.

ಅವನು ಒಮ್ಮೆಯೂ ಅವಳ ಮೇಲೆ ಕೈ ಮಾಡಿಲ್ಲ. 'ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಇನ್ನೇನು ಬೇಕು' ಎಂದು ನಮ್ಮ ಅಮ್ಮನೇ ಹೇಳುತ್ತಾರೆ. ತಂಗಿಗೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಮನಸ್ಸಿಲ್ಲ. ಮಗ ಮೂರನೇ ತರಗತಿಯಲ್ಲಿ ಓದುತ್ತಿರುವುದರಿಂದ ಮನೆ ಬಿಡುವ ಯೋಚನೆಯೂ ಇಲ್ಲ. ಹೀಗಿರುವಾಗ ಇದನ್ನು ಕಾನೂನು ದೌರ್ಜನ್ಯವೆಂದು ಒಪ್ಪುತ್ತದೆಯೇ, ವಿಚ್ಛೇದನ ಕೇಳದೆಯೇ ಏನಾದರೂ ಪರಿಹಾರ ಪಡೆಯಬಹುದೇ, ಆ ಸಾಲ ಕೊನೆಗೆ ಯಾರ ತಲೆಯ ಮೇಲೆ ಉಳಿಯುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ಬ್ರಹ್ಮಾವರದ ನಿವೃತ್ತ ಶಿಕ್ಷಕ

ನಿಮ್ಮ ತಂಗಿಯ ಕಷ್ಟ ಅರ್ಥವಾಗುತ್ತದೆ; ಚಿನ್ನದ ವಿಷಯದಲ್ಲಿ ಅವನು ಮಾಡಿದ್ದು ತಪ್ಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಹಣಕಾಸನ್ನು ಒಬ್ಬರು ನೋಡಿಕೊಳ್ಳುವುದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದು ಬಂದ ರೀತಿ, ಅದನ್ನೆಲ್ಲ ದೌರ್ಜನ್ಯವೆಂದು ಕರೆದು ನ್ಯಾಯಾಲಯಕ್ಕೆ ಎಳೆದರೆ ಉಳಿಯುವ ಸಂಸಾರಗಳೆಷ್ಟು? ನಮ್ಮದು ಅಳಿಯಕಟ್ಟಿನ ಜಿಲ್ಲೆ. ಹೆಣ್ಣಿನ ಕವಲಿನಲ್ಲೇ ಆಸ್ತಿ ಇಳಿದು ಬಂದ ನಾಡಿನಲ್ಲಿ ಹೆಂಗಸರು ಹಣದ ವಿಷಯದಲ್ಲಿ ಅಷ್ಟೊಂದು ಅಸಹಾಯಕರಾಗಿರುವುದು ನನಗೆ ಕಂಡಿಲ್ಲ. ಮೊದಲು ಹಿರಿಯರನ್ನು ಕೂರಿಸಿ ಮಾತನಾಡಿಸಿ ನೋಡಬಾರದೇ? ಗಂಡಸಿನ ಸಂಬಳವನ್ನು ಹೆಂಡತಿ ಹಿಡಿದಿಟ್ಟುಕೊಂಡರೆ ಅದಕ್ಕೂ ಇದೇ ಕಾನೂನು ಅನ್ವಯಿಸುತ್ತದೆಯೇ ಎಂಬುದನ್ನೂ ಬಲ್ಲವರು ತಿಳಿಸಲಿ.

ಉತ್ತರ: ಉಡುಪಿಯ ವಕೀಲೆ

ಕದ್ರಿಯ ಅಕ್ಕನವರೇ, ಹೊಡೆತವಿಲ್ಲದ್ದರಿಂದ ಇದು ದೌರ್ಜನ್ಯವಲ್ಲ ಎಂಬ ವಾದ 2006ರ ಅಕ್ಟೋಬರ್ 26ರಿಂದೀಚೆಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅಂದು ಜಾರಿಗೆ ಬಂದ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯು ತನ್ನ 3ನೇ ಕಲಮಿನಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ ದೌರ್ಜನ್ಯಗಳ ಸಾಲಿನಲ್ಲಿಯೇ ಆರ್ಥಿಕ ದೌರ್ಜನ್ಯವನ್ನೂ ಇರಿಸಿದೆ. ಹೆಣ್ಣಿಗೆ ಕಾನೂನಿನಿಂದಲೋ ರೂಢಿಯಿಂದಲೋ ಸಲ್ಲಬೇಕಾದ ಹಣವನ್ನು ಅವಳಿಗೆ ತಪ್ಪಿಸುವುದು, ಸ್ತ್ರೀಧನವನ್ನು, ಅಂದರೆ ಮದುವೆಯಲ್ಲಿ ಹಾಕಿದ ಚಿನ್ನದಂಥ ಅವಳದೇ ಸ್ವಂತ ಸೊತ್ತನ್ನು, ಹಿಡಿದಿಟ್ಟುಕೊಳ್ಳುವುದು, ಅವಳಿಗೆ ಹಕ್ಕಿರುವ ಸೊತ್ತನ್ನು ಪರಭಾರೆ ಮಾಡುವುದು, ಮನೆಯ ಖರ್ಚಿಗೆ ಕೊಡದಿರುವುದು, ಅವಳು ಬಳಸಿಕೊಂಡು ಬಂದ ಸೌಕರ್ಯಗಳಿಗೆ ತಡೆಯೊಡ್ಡುವುದು, ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಇಂಗ್ಲೆಂಡಿನವರು ಕೌಟುಂಬಿಕ ದೌರ್ಜನ್ಯದ ಶಾಸನಬದ್ಧ ವ್ಯಾಖ್ಯೆಯೊಳಗೆ ಆರ್ಥಿಕ ದೌರ್ಜನ್ಯವನ್ನು ಹೆಸರಿಟ್ಟು ಸೇರಿಸಿದ್ದು 2021ರಲ್ಲಿ. ಬರೆದಿಡುವುದರಲ್ಲಿ ನಾವು ಮುಂದಿದ್ದೇವೆ, ಬಳಸುವುದರಲ್ಲಿ ಅಲ್ಲ. ನಮ್ಮ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಹೊಡೆತದ ಗುರುತನ್ನು ತೋರಿಸಿ ಮಾತು ಮುಗಿಸುತ್ತಾರೆ. ಪಾಸ್‌ಬುಕ್ ಯಾರ ಬಳಿ ಇದೆ ಎಂದು ನಾವೇ ಕೇಳಬೇಕಾಗುತ್ತದೆ.

ಠಾಣೆಗೆ ಹೋಗಲು ಮನಸ್ಸಿಲ್ಲ ಎಂಬುದು ಇಲ್ಲಿ ಅಡ್ಡಿಯೇ ಅಲ್ಲ. 12ನೇ ಕಲಮಿನ ಅರ್ಜಿ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಸಲ್ಲುತ್ತದೆ ಮತ್ತು ಅದರಲ್ಲಿ ಸಿಗುವ ಪರಿಹಾರಗಳೆಲ್ಲ ಸಿವಿಲ್ ಸ್ವರೂಪದವು. ನ್ಯಾಯಾಲಯ ಕೊಟ್ಟ ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಅದು ಅಪರಾಧವಾಗಿ, 31ನೇ ಕಲಮಿನಂತೆ ಒಂದು ವರ್ಷದವರೆಗಿನ ಸೆರೆಮನೆವಾಸ ಅಥವಾ 20,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ವಿಚ್ಛೇದನ ಕೇಳಬೇಕಾಗಿಲ್ಲ, ಮನೆ ಬಿಡಬೇಕಾಗಿಲ್ಲ. ಮನೆ ಗಂಡನದಾದರೂ ಅತ್ತೆಮಾವಂದಿರದಾದರೂ ಅವಳು ಸಂಸಾರ ಮಾಡಿಕೊಂಡಿರುವ ಮನೆಯಲ್ಲಿ ವಾಸಿಸುವ ಹಕ್ಕನ್ನು 17ನೇ ಕಲಂ ಕೊಡುತ್ತದೆ. ಮಾವನ ಹೆಸರಿನ ಮನೆಯಾದರೂ ಅದು ಕಾಯ್ದೆ ಹೇಳುವ 'ಹಂಚಿಕೊಂಡ ಮನೆ', ಅಂದರೆ ಸೊಸೆಗೆ ವಾಸದ ಹಕ್ಕಿರುವ ಮನೆ, ಆಗಬಲ್ಲುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದೆ. ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿಯ ವರದಿ ಇಲ್ಲದೆಯೂ ಅರ್ಜಿಯನ್ನು ಪರಿಗಣಿಸಬಹುದು ಎಂಬುದು 2022ರ ಪ್ರಭಾ ತ್ಯಾಗಿ ತೀರ್ಪಿನಿಂದ ಸ್ಪಷ್ಟವಾಗಿದೆ.

ನಿಮ್ಮ ತಂಗಿಯ ಸಂದರ್ಭಕ್ಕೆ ಹೆಚ್ಚು ಒದಗುವುದು 18ನೇ ಕಲಂ. ಇಬ್ಬರೂ ಬಳಸುವ ಅಥವಾ ಗಂಡನೊಬ್ಬನೇ ನಡೆಸುವ ಬ್ಯಾಂಕ್ ಖಾತೆ ಮತ್ತು ಲಾಕರುಗಳನ್ನು, ಅವಳ ಸ್ತ್ರೀಧನವನ್ನು, ನ್ಯಾಯಾಲಯದ ಅನುಮತಿಯಿಲ್ಲದೆ ಮುಟ್ಟಬಾರದೆಂದು ಅದರಡಿ ಆದೇಶ ಪಡೆಯಬಹುದು. ಚಿನ್ನವನ್ನು ಹಿಂದಿರುಗಿಸಲು 19ನೇ ಕಲಮಿನ 8ನೇ ಉಪಕಲಂ, ಆಗಿರುವ ನಷ್ಟಕ್ಕೂ ಜೀವನಾಂಶಕ್ಕೂ 20ನೇ ಕಲಂ ಇವೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಎಂದು ಕಾಯ್ದೆ ಆಶಿಸುತ್ತದೆ. ಆ ಅವಧಿಯಲ್ಲಿ ಮುಗಿಯುತ್ತದೆಂದು ನಂಬಿ ಯಾವ ಲೆಕ್ಕಾಚಾರವನ್ನೂ ಹಾಕಬೇಡಿ. ಆದ್ದರಿಂದಲೇ ಅರ್ಜಿಯ ಜೊತೆಯಲ್ಲೇ 23ನೇ ಕಲಮಿನಡಿ ಮಧ್ಯಂತರ ಆದೇಶವನ್ನು ಕೇಳಿಕೊಳ್ಳಬೇಕು.

ಸಂಪಾದಿಸುವ ಹೆಂಡತಿಗೆ ಏನೂ ಸಿಗದು ಎಂದು ಎದುರು ಪಕ್ಷದವರು ಹೇಳಿಯೇ ಹೇಳುತ್ತಾರೆ. 2020ರ ನವೆಂಬರ್ 4ರ ರಜನೇಶ್ ವಿರುದ್ಧ ನೇಹಾ ತೀರ್ಪು ಆ ಮಾತನ್ನು ಒಪ್ಪಿಲ್ಲ. ಅದಕ್ಕಿಂತ ಮುಖ್ಯವಾಗಿ, ಜೀವನಾಂಶದ ಮೊಕದ್ದಮೆಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಬಯಲು ಮಾಡಬೇಕೆಂದು ಅದು ವಿಧಿಸಿದೆ. ವರ್ಷಗಟ್ಟಲೆ ಕೇಳಿದರೂ ಸಿಗದ ಅಂಗಡಿಯ ಲೆಕ್ಕ ಎಷ್ಟೋ ಹೆಂಗಸರ ಕಣ್ಣಿಗೆ ಮೊದಲ ಬಾರಿಗೆ ಬೀಳುವುದು ಆ ಪ್ರಮಾಣಪತ್ರದಲ್ಲಿಯೇ.

ಇನ್ನು ಸಾಲದ ಮಾತು. ಇಲ್ಲಿ ಕಾನೂನು ದುರ್ಬಲವಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಬ್ಯಾಂಕಿನ ಮಟ್ಟಿಗೆ ಸಾಲಗಾರಳು ಸಹಿ ಹಾಕಿದವಳೇ. ಹಣ ಗಂಡನ ಅಂಗಡಿಗೆ ಹೋಯಿತೋ ಗೋಡೌನಿಗೆ ಹೋಯಿತೋ ಬ್ಯಾಂಕು ಕೇಳುವುದಿಲ್ಲ. ಒತ್ತಡದಿಂದ ಸಹಿ ಹಾಕಿಸಿದರೆ ಕರಾರನ್ನು ಪ್ರಶ್ನಿಸಬಹುದೆಂದು ಕರಾರು ಕಾಯ್ದೆ ಹೇಳುತ್ತದಾದರೂ, ಒತ್ತಡ ಹೇರಿದವನು ಗಂಡ, ಹಣ ಕೊಟ್ಟದ್ದು ಬ್ಯಾಂಕು ಆಗಿರುವಾಗ ಬ್ಯಾಂಕಿನ ಎದುರು ಅದನ್ನು ಸಾಧಿಸುವುದು ಬಹಳ ಕಷ್ಟ. ಉಳಿಯುವ ದಾರಿಯೆಂದರೆ, ಈವರೆಗೆ ಕಟ್ಟಿದ ಮತ್ತು ಮುಂದೆ ಕಟ್ಟಬೇಕಾದ ಕಂತುಗಳನ್ನು ತನಗಾದ ನಷ್ಟವೆಂದು ತೋರಿಸಿ 20 ಮತ್ತು 22ನೇ ಕಲಮುಗಳಡಿ ಗಂಡನಿಂದ ಕೇಳುವುದು. ಅದಕ್ಕೆ ಸಾಲದ ಹಣ ಅವಳ ಖಾತೆಯಿಂದ ಎಲ್ಲಿಗೆ ಹೋಯಿತೆಂಬ ಸ್ಟೇಟ್‌ಮೆಂಟ್ ಬೇಕೇ ಬೇಕು.

ಬ್ರಹ್ಮಾವರದ ಸರ್, ಒಬ್ಬರು ಹಣ ನೋಡಿಕೊಂಡ ಮಾತ್ರಕ್ಕೆ ಅದು ದೌರ್ಜನ್ಯವಾಗದು. ಇನ್ನೊಬ್ಬರು ಪಾಸ್‌ಬುಕ್ ಕೇಳಿದ ದಿನ ಆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಳಿಯಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಕವಲಿನಲ್ಲಿ ಇಳಿಯಿತು ನಿಜ. ಆದರೆ ಗೇಣಿಯ ಲೆಕ್ಕ ಬರೆದವರು, ಪತ್ರಕ್ಕೆ ಸಹಿ ಹಾಕಿದವರು ಬಹುಪಾಲು ಯಜಮಾನರಾಗಿದ್ದ ಸೋದರಮಾವಂದಿರೇ ಅಲ್ಲವೇ? ಗಂಡಸರ ಬಗೆಗಿನ ನಿಮ್ಮ ಪ್ರಶ್ನೆಗೆ ಉತ್ತರ, ಈ ಕಾಯ್ದೆಯಡಿ ಅರ್ಜಿ ಹಾಕಲು ಹೆಣ್ಣುಮಕ್ಕಳಿಗೆ ಮಾತ್ರ ಅವಕಾಶ. ಗಂಡಸು ತನ್ನ ಸೊತ್ತಿಗಾಗಿ ಸಾಮಾನ್ಯ ಸಿವಿಲ್ ದಾವೆ ಹೂಡಬಹುದು. ಎದುರುದಾರರು ಮಾತ್ರ ಗಂಡಸರೇ ಆಗಬೇಕಿಲ್ಲ. 2016ರ ಹೀರಲ್ ಹರ್ಸೋರಾ ತೀರ್ಪಿನ ನಂತರ ಅತ್ತೆ, ನಾದಿನಿಯರನ್ನೂ ಸೇರಿಸಬಹುದು.

ಉತ್ತರ: ಬಿಜೈಯ ನಿವೃತ್ತ ಬ್ಯಾಂಕ್ ಅಧಿಕಾರಿ

ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ, ಈ ಐದು ಬ್ಯಾಂಕುಗಳೂ 1906ರಿಂದ 1931ರ ನಡುವೆ ಹುಟ್ಟಿದ್ದು ಅಂದಿನ ನಮ್ಮ ಒಂದೇ ಜಿಲ್ಲೆಯಲ್ಲಿ. 1928ರಲ್ಲಿ ಆರಂಭವಾದ, ದಿನದಿನವೂ ಸಣ್ಣ ಮೊತ್ತ ಕಟ್ಟುವ ಪಿಗ್ಮಿ ಠೇವಣಿಯಿಂದಾಗಿ ಬ್ಯಾಂಕು ಮನೆಯ ಅಂಗಳಕ್ಕೇ ಬಂದು, ಚಿಲ್ಲರೆ ಕಾಸನ್ನೂ ಲೆಕ್ಕಕ್ಕೆ ಹಿಡಿಯಿತು. ಅಂಥ ಊರಿನಲ್ಲಿ, ಖಾತೆ ಹೆಂಡತಿಯದಾಗಿದ್ದು ವಿಚಾರಿಸಲು ಬರುವವನು ಮಾತ್ರ ಗಂಡನಾಗಿರುವುದನ್ನು ನಾನು ಕೌಂಟರಿನ ಈಚೆ ಬದಿಯಿಂದ ಸೇವಾವಧಿಯುದ್ದಕ್ಕೂ ನೋಡಿದ್ದೇನೆ. ಹೆಂಡತಿ ಪಕ್ಕದ ಬೆಂಚಿನಲ್ಲಿ ಕುಳಿತಿರುತ್ತಾಳೆ, ಸಹಿಗೆ ಮಾತ್ರ ಕರೆಯುತ್ತಾರೆ.

ವಕೀಲೆಯವರು ಹೇಳದೆ ಬಿಟ್ಟ ಬ್ಯಾಂಕಿನ ಸಂಗತಿಗಳನ್ನು ಸೇರಿಸುತ್ತೇನೆ. ಖಾತೆ ಒಂಟಿ ಹೆಸರಿನಲ್ಲಿದ್ದರೆ ಅದರ ಮೊಬೈಲ್ ಸಂಖ್ಯೆಯನ್ನು ಬದಲಿಸುವ, ಹಳೆಯ ಕಾರ್ಡನ್ನು ತಡೆಹಿಡಿದು ಹೊಸದನ್ನು ಪಡೆಯುವ ಹಕ್ಕು ಖಾತೆದಾರಳಿಗೆ ಮಾತ್ರ ಇದೆ. ಗುರುತಿನ ದಾಖಲೆ ಹಿಡಿದು ತಾನೇ ಶಾಖೆಗೆ ಹೋದರೆ ಸಾಕು, ಗಂಡನ ಒಪ್ಪಿಗೆಯನ್ನು ಯಾರೂ ಕೇಳುವಂತಿಲ್ಲ. ಜಂಟಿ ಖಾತೆ 'ಐದರ್ ಆರ್ ಸರ್ವೈವರ್' ರೀತಿಯದಾಗಿದ್ದರೆ, ಅಂದರೆ ಇಬ್ಬರಲ್ಲಿ ಯಾರೊಬ್ಬರ ಸಹಿಯಿಂದಲೂ ನಡೆಯುವಂಥದ್ದಾಗಿದ್ದರೆ, ಇಬ್ಬರಲ್ಲಿ ಒಬ್ಬರು ಹಣ ತೆಗೆಯುವುದನ್ನು ನಿಲ್ಲಿಸುವಂತೆ ಲಿಖಿತವಾಗಿ ಕೊಟ್ಟಾಗ ಬ್ಯಾಂಕು ವಹಿವಾಟನ್ನು ತಡೆಹಿಡಿದು ಇಬ್ಬರ ಸಹಿಯನ್ನೂ ಕೇಳುತ್ತದೆ. ಪತ್ರದ ಪ್ರತಿಯ ಮೇಲೆ ಶಾಖೆಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬಾರದು.

ಹೊಸ ಖಾತೆ ತೆರೆದು ಸಂಬಳವನ್ನು ಅಲ್ಲಿಗೆ ತಿರುಗಿಸುವುದು ಸುಲಭ. ಆದರೆ ಸಾಲದ ಕಂತು ಹಳೆಯ ಖಾತೆಯಿಂದ ಕಡಿತವಾಗುತ್ತಿದೆ ಎಂಬುದನ್ನು ಆ ಭರದಲ್ಲಿ ಮರೆತರೆ ಕಂತು ತಪ್ಪಿ, ಸಾಲ ಕೊಡುವವರು ನೋಡುವ ಅವಳ ಸಿಬಿಲ್ ಅಂಕ ಕುಸಿಯುತ್ತದೆ. ಗಂಡನಿಗೆ ಅದರಿಂದ ಏನೂ ಆಗುವುದಿಲ್ಲ. ಸಾಲ ಕೊಟ್ಟ ಶಾಖೆಗೆ ಹೋಗಿ ಕಡಿತದ ಆದೇಶವನ್ನು ಹೊಸ ಖಾತೆಗೆ ವರ್ಗಾಯಿಸಿಕೊಳ್ಳಬೇಕು. ಹಾಗೆಯೇ ಪ್ರತಿ ಸಾಲ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದನ್ನು ತರಿಸಿ ನೋಡಿದರೆ, ತನ್ನ ಹೆಸರಿನಲ್ಲಿ ತನಗೆ ಗೊತ್ತಿಲ್ಲದೆ ಇನ್ಯಾವ ಸಾಲ, ಯಾವ ಜಾಮೀನು ಇದೆ ಎಂಬುದೂ ಹೊರಬರುತ್ತದೆ.

ಜಾಮೀನಿನ ಸಹಿ ಬೇಡವೇ ಬೇಡ. ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಅವನಿಂದ ವಸೂಲಿ ಮಾಡಿ ಆಮೇಲೆ ಇವಳ ಬಳಿಗೆ ಬನ್ನಿ ಎಂದು ಹೇಳುವಂತೆಯೂ ಇಲ್ಲ. ಅಂಗಡಿಯ ವ್ಯವಹಾರಕ್ಕೆಂದು ಅವಳಿಂದ ಖಾಲಿ ಚೆಕ್ಕುಗಳಿಗೆ ಸಹಿ ಪಡೆದಿದ್ದಾನೆಯೇ ಎಂದೂ ವಿಚಾರಿಸಿ. ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿನ ಮೇಲೂ ಹೊಣೆಗಾರಿಕೆಯ ಪೂರ್ವಭಾವನೆ, ಅಂದರೆ ಸಹಿ ಹಾಕಿದವರು ಆ ಹಣ ಕೊಡಬೇಕಾಗಿದೆಯೆಂಬ ಊಹೆ, ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಜಂಟಿ ಖಾತೆಯ ಚೆಕ್ಕಿಗೆ ಅವನೊಬ್ಬನೇ ಸಹಿ ಹಾಕಿದ್ದರೆ ಚೆಕ್ ಬೌನ್ಸ್ ಮೊಕದ್ದಮೆ ಅವಳ ಮೇಲೆ ನಿಲ್ಲದು. ಅದು 2013ರ ಅಪರ್ಣಾ ಶಾ ತೀರ್ಪು.

ಉತ್ತರ: ನೊಂದ ಮಹಿಳೆಯರ ಸಾಂತ್ವನ ಕೇಂದ್ರದಲ್ಲಿ ಕೆಲಸ ಮಾಡಿದವಳು

ಬಿಜೈಯ ಸರ್ ಹೇಳಿದ್ದೆಲ್ಲ ಸರಿ, ಆದರೆ ಅದನ್ನು ನಾಳೆ ಬೆಳಿಗ್ಗೆಯೇ ಮಾಡಿಬಿಡಿ ಎನ್ನಲು ನನಗೆ ಧೈರ್ಯವಿಲ್ಲ. ಬ್ಯಾಂಕಿನಲ್ಲಿ ಸಂಖ್ಯೆ ಬದಲಾದೊಡನೆ ಅದರ ಸಂದೇಶ ಹಳೆಯ ಸಂಖ್ಯೆಗೂ ಹೋಗಬಹುದು, ಹೊಸ ಕಾರ್ಡು ಗಂಡನ ಮನೆಯ ವಿಳಾಸಕ್ಕೇ ಬರಬಹುದು, ಮೊದಲ ತಾರೀಕಿನಂದು ಸಂಬಳ ಬರದಿದ್ದರೆ ಅವನಿಗೆ ಅಂದೇ ತಿಳಿಯುತ್ತದೆ. ಹಣ ಕೈತಪ್ಪಿತೆಂದು ಗೊತ್ತಾದ ದಿನವೇ ಮೊದಲ ಏಟು ಬಿದ್ದ ಮನೆಗಳನ್ನು ನಾನು ಬಲ್ಲೆ. ಹಾಗಾಗಿ ಮಧ್ಯಂತರ ಆದೇಶದ ಅರ್ಜಿ ಸಿದ್ಧವಾಗಿ, ಆ ರಾತ್ರಿ ಅಗತ್ಯ ಬಿದ್ದರೆ ಹೋಗಿರಲು ಒಂದು ಮನೆ ಗೊತ್ತಾದ ಮೇಲೆಯೇ ಸಂಬಳದ ಖಾತೆಯನ್ನು ಮುಟ್ಟುವುದು ಒಳ್ಳೆಯದು.

ಅದಕ್ಕೂ ಮುಂಚೆ ಸದ್ದಿಲ್ಲದೆ ಮಾಡಬಹುದಾದದ್ದು ಬಹಳಷ್ಟಿದೆ. ಅವಳ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾರದೆಂದು ನೋಡಿ. ಅದೂ ಗಂಡನದಾಗಿದ್ದರೆ ಪಿಎಫ್ ಖಾತೆಯಿಂದ ಹಿಡಿದು ಎಲ್ಲದರ ಓಟಿಪಿ ಅವನಿಗೇ ಹೋಗುತ್ತಿರುತ್ತದೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಅದನ್ನು ಬದಲಿಸಬಹುದು. ಸಂಬಳ ಚೀಟಿ, ಸಾಲದ ಪತ್ರ, ಮದುವೆಯ ಫೋಟೋ, ಚಿನ್ನದಂಗಡಿಯ ಬಿಲ್ಲು, ಇವುಗಳ ಪ್ರತಿಗಳು ನಿಮ್ಮ ಮನೆಯಲ್ಲಿರಲಿ. ಅವಳ ಮೊಬೈಲಿನಲ್ಲಿ ಇಡುವುದು ಬೇಡ.

ಈ ತೊಂದರೆ ಸಂಬಳದ ಕೆಲಸದವರಿಗೆ ಮಾತ್ರ ಎಂದು ಯಾರೂ ಭಾವಿಸದಿರಲಿ. ನಮ್ಮಲ್ಲಿ ಬೀಡಿ ಕಟ್ಟುವ ಹೆಂಗಸರು ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಮಜೂರಿ ಈಗ ಬ್ಯಾಂಕಿಗೆ ಬೀಳುತ್ತದೆ, ಕಾರ್ಡು ಗಂಡನ ಬಳಿ ಇರುತ್ತದೆ. ಸ್ವಸಹಾಯ ಸಂಘದ ಸಾಲ ಹೆಂಡತಿಯ ಹೆಸರಿನಲ್ಲಿ, ಖರ್ಚು ಗಂಡನ ಕೈಯಲ್ಲಿ, ವಾರದ ಕಂತಿನ ದಿನ ಸಂಘದವರೆದುರು ತಲೆ ತಗ್ಗಿಸಿ ನಿಲ್ಲುವವಳು ಮತ್ತೆ ಹೆಂಡತಿ. ಅವರು ಅದನ್ನು ದೂರೆಂದೂ ಹೇಳುವುದಿಲ್ಲ. ಬೇರೇನೋ ಹೇಳಿಕೊಳ್ಳುವಾಗ ನಡುವೆ ಬಂದುಹೋಗುತ್ತದೆ.

ಬ್ರಹ್ಮಾವರದ ಸರ್ ಹೇಳಿದಂತೆ ಹಿರಿಯರನ್ನು ಕೂರಿಸಬಹುದು, ಆದರೆ ಕೂರಿಸಿದ ಹಿರಿಯರೇ 'ಇದೊಂದು ಸಹಿ ಹಾಕು ಮಗಳೇ' ಎಂದು ಜಾಮೀನಿಗೆ ಒಪ್ಪಿಸಿದ್ದನ್ನೂ ಕಂಡಿದ್ದೇನೆ. ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ರಕ್ಷಣಾಧಿಕಾರಿಗಳು, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ಅವರ ಕಚೇರಿಯ ದಾರಿ ಹೇಳುತ್ತಾರೆ. ಸಹಾಯವಾಣಿ 181, ಕಾನೂನು ಸೇವೆಗೆ 15100. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಂಬಳವಿದೆಯೆಂದು ನಿಮ್ಮ ತಂಗಿ ಹಿಂಜರಿಯಬೇಕಾಗಿಲ್ಲ.

ಮರುಪ್ರಶ್ನೆ: ಕದ್ರಿಯ ಓದುಗಿ

ಎಲ್ಲರಿಗೂ ವಂದನೆಗಳು. ತಂಗಿಗೆ ಇದೆಲ್ಲವನ್ನೂ ನಮ್ಮ ಮನೆಯಲ್ಲಿಯೇ ಕುಳಿತು ಓದಿ ಹೇಳಿದೆ. ಆಧಾರ್‌ನ ಸಂಖ್ಯೆಯೂ ಅವನದೇ ಎಂದು ಗೊತ್ತಾಯಿತು. ಇನ್ನೆರಡು ಸಂದೇಹಗಳಿವೆ. ಚಿನ್ನವನ್ನು ಈಡಿಗೆ ಇಟ್ಟು ಐದಾರು ವರ್ಷಗಳಾಗಿವೆ, ಚೀಟಿ ಅವನ ಹೆಸರಿನಲ್ಲಿದೆ. ಈಗ ಕೇಳಿದರೆ ತಡವಾಯಿತು ಎನ್ನುವರೇ? ವಾಹನ ಸಾಲದ ಕಾಗದಗಳನ್ನು ಅವನು ಮನೆಗೆ ತಂದಿಟ್ಟಿದ್ದಾನೆ. ಸಹಿ ಹಾಕುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಅವಳಿಂದ ಆಗುತ್ತಿಲ್ಲ.

ಉತ್ತರ: ಉಡುಪಿಯ ವಕೀಲೆ

ತಡವಾಗಿಲ್ಲ. 12ನೇ ಕಲಮಿನ ಅರ್ಜಿಗೆ ಒಂದು ವರ್ಷದ ಕಾಲಮಿತಿ ಅನ್ವಯಿಸದು ಎಂದು 2022ರ ಕಾಮಾಕ್ಷಿ ವಿರುದ್ಧ ಲಕ್ಷ್ಮೀನಾರಾಯಣನ್ ತೀರ್ಪು ಹೇಳಿದೆ. ಸ್ತ್ರೀಧನವನ್ನು ಹಿಂದಿರುಗಿಸದೆ ಇಟ್ಟುಕೊಂಡಿರುವಷ್ಟು ಕಾಲ ತಪ್ಪು ಮುಂದುವರಿಯುತ್ತಲೇ ಇರುತ್ತದೆ ಎಂಬುದು 2015ರ ಕೃಷ್ಣಾ ಭಟ್ಟಾಚಾರ್ಜಿ ತೀರ್ಪಿನ ಸಾರ. ಚೀಟಿ ಯಾರ ಹೆಸರಿನಲ್ಲಿದ್ದರೂ ಚಿನ್ನ ಅವಳದೇ. 2024ರ ಏಪ್ರಿಲಿನಲ್ಲಿ ಕೇರಳದ ಮಾಯಾ ಗೋಪಿನಾಥನ್ ಪ್ರಕರಣದಲ್ಲಿ, ಜೋಪಾನಕ್ಕೆಂದು ಪಡೆದ 89 ಪವನ್ ಚಿನ್ನವನ್ನು ಗಂಡನ ಮನೆಯವರು ದುರುಪಯೋಗ ಮಾಡಿಕೊಂಡದ್ದಕ್ಕೆ ಸುಪ್ರೀಂ ಕೋರ್ಟ್ 25 ಲಕ್ಷ ರೂಪಾಯಿ ಕೊಡಿಸಿತು. ಸಂಕಟದ ಕಾಲದಲ್ಲಿ ಗಂಡ ಸ್ತ್ರೀಧನವನ್ನು ಬಳಸಿದರೂ ಹಿಂದಿರುಗಿಸುವ ಹೊಣೆ ಅವನ ಮೇಲಿದೆ ಎಂಬ ಹಳೆಯ ಮಾತನ್ನು ಅಲ್ಲಿ ಮತ್ತೆ ಎತ್ತಿ ಹಿಡಿದರು. ನಿಮ್ಮ ಆತಂಕ ಬೇರೆ ಕಡೆ ಇರಬೇಕು: ಬಡ್ಡಿ ಕಟ್ಟದಿದ್ದರೆ ಸೊಸೈಟಿ ಚಿನ್ನವನ್ನು ಹರಾಜಿಗೆ ಹಾಕಬಹುದು. ಅರ್ಜಿ ಸಲ್ಲಿಸಿದ ದಿನವೇ ಸೊಸೈಟಿಗೂ, ಆಭರಣಗಳು ಅವಳ ಸ್ತ್ರೀಧನ, ವಿಷಯ ನ್ಯಾಯಾಲಯದಲ್ಲಿದೆ ಎಂದು ನೋಟಿಸು ಹೋಗಬೇಕು.

ಸಹಿಯ ವಿಷಯದಲ್ಲಿ ಗಂಡನಿಗೆ ಇಲ್ಲವೆನ್ನಲಾಗದಿದ್ದರೆ ಬ್ಯಾಂಕಿಗೆ ಹೇಳಲಿ. ಜಾಮೀನುದಾರಳು ಶಾಖೆಯ ವ್ಯವಸ್ಥಾಪಕರ ಬಳಿ ಒಬ್ಬಳೇ ಹೋಗಿ ತನಗೆ ಇಚ್ಛೆಯಿಲ್ಲವೆಂದು ತಿಳಿಸಿದರೆ, ಅರ್ಹತೆ ಸಾಲದೆಂದು ಜಾಮೀನನ್ನು ತಿರಸ್ಕರಿಸುವುದು ಅವರಿಗೆ ಕಷ್ಟವಲ್ಲ. ಇದಲ್ಲದೆ 18ನೇ ಕಲಮಿನ ಕೊನೆಯ ಉಪಕಲಮಿನಲ್ಲಿ, ಆದೇಶದಲ್ಲಿ ಹೆಸರಿಸಿದ ಬೇರೆ ಯಾವುದೇ ಕೃತ್ಯವನ್ನೂ ಮಾಡದಂತೆ ತಡೆಯುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಸಾಲ, ಜಾಮೀನು ಅಥವಾ ಚೆಕ್ಕಿನ ಸಹಿಗಾಗಿ ಅವಳನ್ನು ಒತ್ತಾಯಿಸಬಾರದು ಎಂಬ ಕೋರಿಕೆಯನ್ನು ಆ ಉಪಕಲಮಿನಡಿ ಸ್ಪಷ್ಟವಾಗಿ ಬರೆದು ಕೇಳಿದರೆ, ಕಾಯ್ದೆಯಲ್ಲಿ ಸಾಲದ ಹೆಸರಿಲ್ಲದಿರುವ ಕೊರತೆಯನ್ನು ಮುಂದಿನ ಸಾಲಗಳ ಮಟ್ಟಿಗಾದರೂ ತುಂಬಿಕೊಳ್ಳಬಹುದು.

ಅವಳು ವಾಸವಿರುವ ಅಥವಾ ಕೆಲಸ ಮಾಡುವ ಊರಿನ ನ್ಯಾಯಾಲಯದಲ್ಲಿ ಅರ್ಜಿ ಹಾಕಲು 27ನೇ ಕಲಂ ಅವಕಾಶ ಕೊಡುತ್ತದೆ, ಆದ್ದರಿಂದ ಮಂಗಳೂರಿನಲ್ಲಿಯೇ ಸಲ್ಲಿಸಿ. ಡ್ಯೂಟಿ ಮುಗಿಸಿಕೊಂಡು ಬರಲು ಅವಳಿಗೂ ಅನುಕೂಲ. ವಕೀಲರನ್ನು ಕಾಣಲು ಹೋಗುವಾಗ ಖಾತೆಯ ಸ್ಟೇಟ್‌ಮೆಂಟು, ಸಾಲದ ಮಂಜೂರಾತಿ ಪತ್ರ, ಮದುವೆಯ ಫೋಟೋಗಳು ಇರಲಿ. ಮನೆಯಲ್ಲಿ ತಂದಿಟ್ಟಿರುವ ವಾಹನ ಸಾಲದ ಕಾಗದಗಳ ಪ್ರತಿ ಪುಟದ ಫೋಟೋವನ್ನೂ ಸಹಿಯ ಜಾಗ ಖಾಲಿ ಇರುವಾಗಲೇ ತೆಗೆದು ನಿಮಗೆ ಕಳುಹಿಸಿ, ತನ್ನ ಮೊಬೈಲಿನಿಂದ ಅಳಿಸಿಬಿಡಲಿ.